9 ವೋಲ್ಟ್‌ಗೆ ಯಾವ ಜೆಫೆಟ್: ಜೆ201 ಅಥವಾ 2ಎನ್5457?

ಜೆಫೆಟ್ ಅಂದರೆ ಗೇಟ್‌ಗೆ ಕೊಡುವ ವೋಲ್ಟೇಜ್‌ನಿಂದ ಡ್ರೈನ್ ಮತ್ತು ಸೋರ್ಸ್ ಎಂಬ ಕಾಲುಗಳ ನಡುವಿನ ಕರೆಂಟ್ ನಿಯಂತ್ರಿಸುವ ಟ್ರಾನ್ಸಿಸ್ಟರ್. ಗಿಟಾರ್ ಪ್ರಿಆಂಪ್‌ಗೆ (ಸಿಗ್ನಲ್ ಹಿಗ್ಗಿಸುವ ಮೊದಲ ಹಂತ) 9 ವೋಲ್ಟ್ ಬ್ಯಾಟರಿ ಮಾತ್ರ ಇದ್ದರೆ ಜೆ201 ತೆಗೆದುಕೊಳ್ಳಿ. ಗೇಟ್‌ಗೆ ಮೈನಸ್ 0.3ರಿಂದ 1.5 ವೋಲ್ಟ್ ಕೊಟ್ಟರೆ ಸಾಕು, ಇದರ ಕರೆಂಟ್ ನಿಲ್ಲುತ್ತದೆ. ಹಾಗಾಗಿ ಡ್ರೈನ್ ವೋಲ್ಟೇಜ್ ಕಡಿಮೆ ಇದ್ದರೂ ಸ್ಯಾಚುರೇಶನ್‌ನಲ್ಲೇ (ಡ್ರೈನ್ ವೋಲ್ಟೇಜ್ ಬದಲಾದರೂ ಕರೆಂಟ್ ಹೆಚ್ಚು ಬದಲಾಗದ ಸ್ಥಿತಿ) ಇರುತ್ತದೆ. ಬ್ಯಾಟರಿ ಸ್ವಲ್ಪ ಇಳಿದರೂ ಗೇನ್ (ಸಿಗ್ನಲ್ ಹಿಗ್ಗುವ ಪ್ರಮಾಣ) ಸಿಗುತ್ತದೆ.

2ಎನ್5457ರಲ್ಲಿ ಕರೆಂಟ್ ನಿಲ್ಲಿಸುವ ಈ ವೋಲ್ಟೇಜ್ ಮೈನಸ್ 0.5ರಿಂದ 6 ವೋಲ್ಟ್‌ವರೆಗೂ ಇರಬಹುದು. 5 ವೋಲ್ಟ್‌ನ ಪೀಸ್ ಕೈಗೆ ಬಂದರೆ 9 ವೋಲ್ಟ್‌ನಲ್ಲಿ ಸಿಗ್ನಲ್‌ಗೆ ಜಾಗ ಜಾಸ್ತಿ ಉಳಿಯುವುದಿಲ್ಲ. ಡ್ರೈನ್ ವೋಲ್ಟೇಜ್ ಇಳಿದಾಗ ಅದು ಸುಮ್ನೆ ರೆಸಿಸ್ಟರ್‌ನಂತೆ ವರ್ತಿಸುತ್ತದೆ, ಗೇನ್ ಬೀಳುತ್ತದೆ. 18 ವೋಲ್ಟ್ ಇದ್ದರೆ ನನ್ನ ಆಯ್ಕೆ ಇದೇ: ದೊಡ್ಡ ಸಿಗ್ನಲ್ಲೂ ಚೆನ್ನಾಗಿ ಹೊರಬರುತ್ತದೆ. 25 ವೋಲ್ಟ್ ಮಾತ್ರ ದಾಟಿಸಬೇಡಿ. ಜೆ201ಕ್ಕೆ ಆ ಮಿತಿ 40.

ಯಾವುದನ್ನೇ ಕೊಂಡರೂ ಪ್ರತಿ ಪೀಸಿನ ಕರೆಂಟ್ ನಿಲ್ಲಿಸುವ ವೋಲ್ಟೇಜ್ ಅಳೆದು, ಸೋರ್ಸ್ ರೆಸಿಸ್ಟರ್ ಹೊಂದಿಸಿ.