ಎರಡು ಗಂಟೆಗೆ ಒಂದು ಪುಟ: ನನ್ನ ಗ್ರೀಕ್ ಫಿಲಾಸಫಿ ಮಾಸ್ಟರ್ಸ್ ರಿವ್ಯೂ

ಸ್ಕಾಟ್ಲೆಂಡಲ್ಲಿ ಒಂದು ವರ್ಷದ ಮಾಸ್ಟರ್ಸ್ ಮುಗಿಸ್ಕೊಂಡು ಬಂದೆ, ಪ್ರಾಚೀನ ಗ್ರೀಕ್ ಫಿಲಾಸಫಿಲಿ. ಯೂನಿವರ್ಸಿಟಿ ಹೆಸರು ಹಾಕಲ್ಲ, ಯಾಕಂತ ಕೆಳಗೆ ಗೊತ್ತಾಗುತ್ತೆ. "ಅದನ್ನ ಓದಿ ಏನ್ ಮಾಡ್ತೀಯ" ಅನ್ನೋ ಪ್ರಶ್ನೆಗೆ ಉತ್ತರ ನನ್ನ ಹತ್ರಾನೂ ಇಲ್ಲ, ಕೋರ್ಸ್ ಹೇಗಿತ್ತು ಅಂತ ಮಾತ್ರ ಹೇಳ್ತೀನಿ.

ನಾನು ಸೇರಿದ್ದೇ ಒಬ್ಬ ಪ್ರೊಫೆಸರ್‌ಗೋಸ್ಕರ. ಪ್ಲೇಟೋ ಓದ್ತಾ ಓದ್ತಾನೇ ತಲೆ ಬೆಳ್ಳಗಾದವ್ರು. ಅವ್ರ ಸೆಮಿನಾರ್ ಪ್ಲೇಟೋ ಬರೆದ 'ಥಿಯಾಟಿಟಸ್' ಮೇಲೆ, ಅಂದ್ರೆ ಸಾಕ್ರಟೀಸ್ ಒಬ್ಬ ಗಣಿತದ ಹುಡುಗನ್ನ ಹಿಡ್ಕೊಂಡು ಜ್ಞಾನ ಅಂದ್ರೆ ಏನಪ್ಪಾ ಅಂತ ಬಿಡದೆ ಕೇಳೋ ಸಂವಾದ. ಆರು ಜನ ಒಂದು ಟೇಬಲ್ ಸುತ್ತ, ಎರಡು ಗಂಟೆ, ಸರದಿ ಬಂದವ್ರು ನಾಲ್ಕೈದು ಸಾಲು ಗ್ರೀಕ್ ಓದಿ ಅಲ್ಲೇ ಅರ್ಥ ಹೇಳ್ಬೇಕು. ಒಂದು ಸ್ಟೆಫಾನಸ್ ಪುಟ ಮುಗಿದ್ರೆ ಅವತ್ತು ಹಬ್ಬ (ಸ್ಟೆಫಾನಸ್ ಅನ್ನೋನು ಪ್ಲೇಟೋ ಕೃತಿಗಳನ್ನ ಅಚ್ಚು ಹಾಕಿದ 1578ರ ಎಡಿಶನ್ನಿನ ಪುಟದ ನಂಬರ್‌ಗಳು, ಇವತ್ತಿಗೂ ಎಲ್ರೂ ಅದನ್ನೇ ಬಳಸೋದು). ಹಸಿರು ಅಟ್ಟೆ ಲೋಬ್ ಪುಸ್ತಕ ತಂದ್ರೆ ಬ್ಯಾಗೊಳಗೆ ಇಡಿಸ್ತಿದ್ರು, ಅದ್ರಲ್ಲಿ ಎಡಗಡೆ ಗ್ರೀಕ್, ಬಲಗಡೆ ಇಂಗ್ಲಿಷ್ ಇರುತ್ತಲ್ಲ, ಕಣ್ಣು ತಾನಾಗೇ ಅಲ್ಲಿಗೆ ಹೋಗುತ್ತೆ ಅಂತ.

ಹುಡುಗ ಕೊಡೋ ಮೊದಲನೇ ಡೆಫಿನಿಶನ್, ಜ್ಞಾನ ಅಂದ್ರೆ 'ಐಸ್ಥೇಸಿಸ್'. ನಾನು ಪರ್ಸೆಪ್ಷನ್ (ನೋಡಿ, ಕೇಳಿ, ಮುಟ್ಟಿ ಗ್ರಹಿಸೋದು) ಅಂದೆ, ಪುಸ್ತಕದಲ್ಲಿ ಹಂಗೇ ಇತ್ತು. ಸರಿ, 156ನೇ ಪುಟ ತೆಗಿ ಅಂದ್ರು. ಅಲ್ಲಿ ನೋಡೋದು ಕೇಳೋದರ ಜೊತೆಗೆ ಸುಖ, ನೋವು, ಆಸೆ, ಭಯ ಎಲ್ಲಾನೂ ಸಾಕ್ರಟೀಸ್ ಅದೇ ಪಟ್ಟಿಲಿ ಸೇರಿಸಿದಾನೆ! ಭಯ ಹೆಂಗೆ ಪರ್ಸೆಪ್ಷನ್ ಆಗುತ್ತೆ? ನಿಮ್ಮ ಭಾಷೆಲಿ ಏನಂತೀರ ಅಂತ ಕೇಳಿದ್ರು. ಜಂಬದಲ್ಲಿ ಇಂದ್ರಿಯಜ್ಞಾನ ಅಂದ್ಬಿಟ್ಟೆ, ಬಿಡಿಸಿ ಹೇಳು ಅಂದಾಗ ಹೇಳ್ತಾ ಹೇಳ್ತಾ ನಂಗೇ ನಗು ಬಂತು, ಯಾಕಂದ್ರೆ ಜ್ಞಾನ ಅಂದ್ರೆ ಏನು ಅನ್ನೋದಕ್ಕೆ ನಮ್ಮ ಉತ್ತರದೊಳಗೇ ಜ್ಞಾನ ಕೂತಿದೆ. ಕೊನೆಗೆ 'ಅನುಭವ' ಅಂದೆ, ಭಯಕ್ಕೂ ಆಗುತ್ತೆ, ಆದ್ರೆ ಬಣ್ಣ ನೋಡೋದಕ್ಕೆ ಅನುಭವ ಅಂತೀವಾ? ಅವತ್ತು ಅರ್ಧ ಪುಟನೂ ಮುಗೀಲಿಲ್ಲ. ಕೊಟ್ಟ ಫೀಸ್ ನನಗೆ ಅವತ್ತೇ ವಸೂಲಾಯ್ತು.

ಇನ್ನೊಂದು ವಿಷ್ಯ, ಎಸ್ಸೆಸ್ಸೆಲ್ಸಿಲಿ 125 ಮಾರ್ಕ್ಸ್ ಆಸೆಗೆ ತಗೊಂಡಿದ್ದ ಸಂಸ್ಕೃತ ಇಲ್ಲಿ ಕೈ ಹಿಡೀತು. ದ್ವಿವಚನ (ಎರಡಕ್ಕೇ ಅಂತ ಇರೋ ವಚನ) ಗ್ರೀಕಲ್ಲೂ ಇದೆ, ಮಿಡಲ್ ವಾಯ್ಸ್ (ಮಾಡೋನಿಗೇ ಸಂಬಂಧಪಟ್ಟ ಕೆಲಸ ಹೇಳೋ ಕ್ರಿಯಾಪದದ ರೂಪ) ಅಂತ ಉಳಿದವ್ರು ತಲೆ ಚಚ್ಕೊಳ್ತಿದ್ದಾಗ ನಂಗೆ ಅದು ಸಂಸ್ಕೃತದ ಆತ್ಮನೇಪದ ಇದ್ದಂಗಿದೆಯಲ್ಲ ಅನ್ನಿಸ್ತು. ಪೂರ್ತಿ ಒಂದೇ ಅಲ್ಲ, ಆದ್ರೆ ಭಯ ಹೋಯ್ತು. ಗ್ರೀಕ್ ಡಿಕ್ಷನರಿ ದುಡ್ಡು ಕೊಟ್ಟು ತಗೋಬೇಡಿ, ಲೋಗಿಯಾನ್ ಅನ್ನೋ ಆನ್‌ಲೈನ್ ಡಿಕ್ಷನರಿ ಫ್ರೀ.

ಈಗ ಬೇಜಾರಿನ ಕಥೆ. ಎರಡನೇ ಟರ್ಮ್ ಶುರುವಾಗೋ ಹೊತ್ತಿಗೆ ಪ್ರೊಫೆಸರ್ ಸಬ್ಬಾಟಿಕಲ್ (ಪಾಠ ಬಿಟ್ಟು ಸಂಶೋಧನೆಗೆ ತಗೊಳ್ಳೋ ರಜೆ) ಮೇಲೆ ಹೊರಟ್ರು. ಇದು ಆಫೀಸಿನವ್ರಿಗೆ ಮೊದ್ಲೇ ಗೊತ್ತಿತ್ತಂತೆ, ಫೀಸ್ ಕಟ್ಟಿಸ್ಕೊಳ್ಳೋವಾಗ ಒಬ್ರೂ ಬಾಯಿ ಬಿಟ್ಟಿರ್ಲಿಲ್ಲ, ಕೇಳಿದ್ರೆ ಸ್ಟಾಫ್ ಬದಲಾಗಬಹುದು ಅಂತ ವೆಬ್‌ಸೈಟಲ್ಲಿ ಹಾಕಿದೀವಲ್ಲ ಅಂದ್ರು. ಬದಲಿಗೆ ಬಂದವ್ರು ಒಳ್ಳೆಯವ್ರೇ, ಆದ್ರೆ ಸ್ಲೈಡ್ ಹಾಕಿ ವಾರಕ್ಕೆ ಇಪ್ಪತ್ತು ಪುಟ ಓಡಿಸ್ತಿದ್ರು, ಅದನ್ನ ನಾನು ಮನೇಲೇ ಓದ್ಕೋತಿದ್ದೆ. ಹಂಗಾಗಿ ಯಾರೋ ಒಬ್ರನ್ನ ನಂಬ್ಕೊಂಡು ಅಪ್ಲೈ ಮಾಡೋರು ದುಡ್ಡು ಕಟ್ಟೋ ಮುಂಚೆ ಅವ್ರಿಗೇ ನೇರವಾಗಿ ಮೇಲ್ ಹಾಕಿ, ಮುಂದಿನ ವರ್ಷ ಇರ್ತೀರಾ, ನನ್ನ ಡಿಸರ್ಟೇಶನ್ ನೀವೇ ನೋಡ್ತೀರಾ ಅಂತ ಕೇಳಿ.

ಪ್ರೊಫೆಸರ್‌ಗೆ 5ಕ್ಕೆ 5. ಆಫೀಸಿಗೆ 1, ಅದೂ ಅಲ್ಲಿನ ಹೀಟರ್ ಚೆನ್ನಾಗಿತ್ತು ಅಂತ.