ಸೌಂಡ್ ಬಾಕ್ಸ್‌ಗೆ ತಿಂಗಳಿಗೆ 125 ರೂಪಾಯಿ ಬಾಡಿಗೆ: ಕೊಡಬಹುದಾ?

ಬೆಳಗ್ಗೆ ಐದೂಮುಕ್ಕಾಲಿಗೆ ನಮ್ಮ ಅಂಗಡಿ ಬಾಗಿಲು ತೆಗೆಯುತ್ತೇವೆ. ಇರುವುದು ಬೆಂಗಳೂರಿನ ಲಗ್ಗೆರೆಯಲ್ಲಿ. ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ವ್ಯಾನ್ ಹತ್ತುವ ಜಾಗ ಪಕ್ಕದಲ್ಲೇ ಇದೆ. ಏಳರಿಂದ ಎಂಟೂವರೆವರೆಗೆ ಒಂದು ಲೋಟ ಕಾಫಿ ಕುಡಿಯಲೂ ಪುರುಸೊತ್ತು ಇರುವುದಿಲ್ಲ. ಒಬ್ಬರಿಗೆ ಅರ್ಧ ಲೀಟರ್ ನಂದಿನಿ ಹಾಲು, ಇನ್ನೊಬ್ಬರಿಗೆ ಎರಡು ಮೊಟ್ಟೆ, ಮತ್ತೊಬ್ಬರಿಗೆ ಬ್ರೆಡ್ಡು, ಶಾಂಪೂ ಸ್ಯಾಷೆ. ಹತ್ತರಲ್ಲಿ ಏಳು ಜನ ಫೋನಿಂದಲೇ ದುಡ್ಡು ಹಾಕುತ್ತಾರೆ. ಆ ಹೊತ್ತಿನಲ್ಲಿ ನನ್ನ ಕೈಗೆ ಬಿಡುವು ಕೊಡುವುದು ಸೌಂಡ್ ಬಾಕ್ಸ್, ಅಂದರೆ ಫೋನಿಂದ ಹಾಕಿದ ದುಡ್ಡು ಬಂದ ಕೂಡಲೇ ಮೊತ್ತವನ್ನು ಜೋರಾಗಿ ಹೇಳುವ ಪೆಟ್ಟಿಗೆ. ನನ್ನ ಕಣ್ಣು ತಕ್ಕಡಿ ಮೇಲಿರುತ್ತದೆ, ಕಿವಿ ಅದರ ಕಡೆ ಇರುತ್ತದೆ. "ನಲವತ್ತೆರಡು ರೂಪಾಯಿ ಸ್ವೀಕರಿಸಲಾಗಿದೆ" ಅಂದ ತಕ್ಷಣ ಮುಂದಿನವರಿಗೆ ಹಾಲು ಎತ್ತಿಕೊಡುತ್ತೇನೆ.

ಎರಡೂವರೆ ವರ್ಷದಿಂದ ಇಟ್ಟುಕೊಂಡಿದ್ದೇನೆ. ಈ ನಡುವೆ ಎರಡು ಪೆಟ್ಟಿಗೆ ಹಾಳಾಗಿ, ಈಗಿರುವುದು ಮೂರನೆಯದು. ಹೊಸದಾಗಿ ಅಂಗಡಿ ಹಾಕುವವರು ತಗೊಳ್ಳಬೇಕಾ ಬೇಡವಾ ಅಂತ ತುಂಬಾ ಜನ ಕೇಳುತ್ತಿರುತ್ತಾರೆ. 2025ರ ಜಿಎಸ್‌ಟಿ ನೋಟಿಸ್ ಗಲಾಟೆ ಆದಮೇಲಂತೂ ಈ ಪ್ರಶ್ನೆ ಇನ್ನೂ ಜಾಸ್ತಿ. ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ: ತಗೊಳ್ಳಿ. ಆದರೆ ಪೆಟ್ಟಿಗೆ ಮಾತ್ರ ತಗೊಳ್ಳಿ, ಅದರ ಜೊತೆ ಬರುವ ಸಾಲ ಬೇಡ.

ಮೊದಲು ಇದು ಯಾಕೆ ಬೇಕು ಅಂತ ಹೇಳಬೇಕು. ಪೆಟ್ಟಿಗೆ ಇಲ್ಲದ ಕಾಲದಲ್ಲಿ ಗಿರಾಕಿ ತೋರಿಸಿದ ಫೋನ್ ನೋಡಿ ನಂಬುತ್ತಿದ್ದೆವು. ಒಂದು ಸಂಜೆ ಒಬ್ಬ ಹುಡುಗ ಐದು ಲೀಟರ್ ಎಣ್ಣೆ ಕ್ಯಾನ್ ತಗೊಂಡ. "ಹಾಕಿದೀನಿ ಅಕ್ಕಾ, ನೋಡಿ" ಅಂತ ಹಸಿರು ಟಿಕ್ ತೋರಿಸಿದ. ನಮ್ಮ ಅಂಗಡಿ ಹೆಸರೂ ಇತ್ತು, ಮೊತ್ತವೂ ಸರಿ ಇತ್ತು. ರಾತ್ರಿ ಲೆಕ್ಕ ಹಾಕಿದರೆ ಅಷ್ಟು ದುಡ್ಡು ಬಂದೇ ಇಲ್ಲ. ಅದೇ ತಿಂಗಳು ಇನ್ನೊಂದು ಸಲವೂ ಹಾಗೇ ಆಯಿತು. ಒಂದು ಕ್ಯಾನ್ ಎಣ್ಣೆಯಲ್ಲಿ ನಮಗೆ ಉಳಿಯುವುದು ಮೂವತ್ತು, ನಲವತ್ತು ರೂಪಾಯಿ. ಒಂದು ಕ್ಯಾನ್ ಕಳೆದುಕೊಂಡರೆ ಅದನ್ನು ತುಂಬಿಸಲು ಇಪ್ಪತ್ತು ಕ್ಯಾನ್ ಮಾರಬೇಕು. ಪೆಟ್ಟಿಗೆ ಬಂದಮೇಲೆ ಈ ಮೋಸ ಒಂದು ಸಲವೂ ಆಗಿಲ್ಲ. ಯಾಕೆಂದರೆ ಅದು ಗಿರಾಕಿಯ ಫೋನಿನ ಮಾತು ಕೇಳುವುದಿಲ್ಲ. ದುಡ್ಡು ನಮ್ಮ ಕಡೆ ಬಂದಿದೆ ಅಂತ ಕಂಪನಿಯ ಸರ್ವರ್‌ನಿಂದ ಸಂದೇಶ ಬಂದರೆ ಮಾತ್ರ ಬಾಯಿ ಬಿಡುತ್ತದೆ.

ಇನ್ನೊಂದು ಅನುಕೂಲ ನಾನು ಎಣಿಸಿಯೇ ಇರಲಿಲ್ಲ. ನಮ್ಮತ್ತೆಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಮೆಸೇಜ್ ನೋಡಲು ಕನ್ನಡಕ ಹುಡುಕಬೇಕು. ಅದಕ್ಕೇ ಮಧ್ಯಾಹ್ನ ಎರಡರಿಂದ ನಾಲ್ಕು ಅಂಗಡಿ ಮುಚ್ಚುತ್ತಿದ್ದೆವು. ಈಗ ಆ ಹೊತ್ತಿನಲ್ಲಿ ಅತ್ತೆ ಕೂರುತ್ತಾರೆ. ಕನ್ನಡದಲ್ಲಿ ಕೇಳಿಸುತ್ತದೆ, ಸಾಮಾನು ಕೊಡುತ್ತಾರೆ, ಅಷ್ಟೇ. ಆ ಎರಡು ಗಂಟೆಯಲ್ಲಿ ಆರೇಳು ನೂರು ರೂಪಾಯಿ ವ್ಯಾಪಾರ ಆಗುತ್ತದೆ. ತಿಂಗಳ ಬಾಡಿಗೆ ಎರಡೇ ದಿನದಲ್ಲಿ ಅಲ್ಲೇ ಹುಟ್ಟುತ್ತದೆ.

ಆದರೆ ಕನ್ನಡ ತಾನಾಗಿ ಬರಲಿಲ್ಲ. ಪೆಟ್ಟಿಗೆ ಹಾಕಲು ಬಂದ ಹುಡುಗ ಇಂಗ್ಲಿಷಿನಲ್ಲೇ ಬಿಟ್ಟು ಹೊರಟಿದ್ದ. ನಿಲ್ಲಿಸಿ ಕೇಳಿದೆ, ಆಪ್‌ನಲ್ಲಿ ಭಾಷೆ ಬದಲಾಯಿಸಿಕೊಟ್ಟ. ಒಂದು ನಿಮಿಷದ ಕೆಲಸ. ಪೆಟ್ಟಿಗೆ ಬದಲಾದಾಗಲೆಲ್ಲ ಮತ್ತೆ ಇಂಗ್ಲಿಷಿಗೆ ಹೋಗುತ್ತದೆ, ಮತ್ತೆ ಬದಲಾಯಿಸಬೇಕು. ಕರ್ನಾಟಕದ ಅಂಗಡಿಗೆ ಕೊಡುವ ಪೆಟ್ಟಿಗೆ ಕನ್ನಡದಲ್ಲೇ ಶುರುವಾಗಬೇಕು ಅಲ್ವಾ? ಈ ವಿಷಯದಲ್ಲಿ ನನಗೆ ನಿಜವಾಗಿಯೂ ಬೇಜಾರಿದೆ.

ದನಿ ಚೆನ್ನಾಗಿದೆ. ಬಸ್ ಹಾರ್ನ್ ನಡುವೆಯೂ ಕೇಳಿಸುತ್ತದೆ. ರಾತ್ರಿ ಚಾರ್ಜ್ ಹಾಕಿದರೆ ಕರೆಂಟ್ ಹೋದರೂ ಮಾರನೇ ದಿನ ಪೂರ್ತಿ ಬರುತ್ತದೆ. ತೊಂದರೆ ಇರುವುದು ನೆಟ್‌ವರ್ಕ್‌ನಲ್ಲಿ. ಒಳಗೊಂದು ಸಿಮ್ ಇದೆ. ಅದಕ್ಕೆ ಸಿಗ್ನಲ್ ಇಲ್ಲದಿದ್ದರೆ ದುಡ್ಡು ಖಾತೆಗೆ ಬಂದಿದ್ದರೂ ಪೆಟ್ಟಿಗೆ ಸುಮ್ನೆ ಕೂತಿರುತ್ತದೆ. ಜೋರು ಮಳೆ ಬಂದ ಸಂಜೆ ಹೀಗೇ ಆಗುತ್ತದೆ. ಹತ್ತು ನಿಮಿಷ ಸದ್ದಿಲ್ಲ, ಆಮೇಲೆ ಒಂದರ ಹಿಂದೆ ಒಂದು ಎಂಟು ಮೊತ್ತ ಹೇಳುತ್ತದೆ. ಯಾರದು ಯಾವುದು ಅಂತ ಗೊತ್ತಾಗುವುದೇ ಇಲ್ಲ. ಅಂಥ ಹೊತ್ತಿನಲ್ಲಿ ಗಿರಾಕಿಯನ್ನು ಅನುಮಾನದಿಂದ ನೋಡಬೇಡಿ. ಆಪ್ ತೆಗೆದು ನೋಡಿ, ಅಲ್ಲಿ ಬಂದಿರುತ್ತದೆ. ಒಂದು ಸಲ ನಾನು ಒಬ್ಬ ಹುಡುಗಿಯನ್ನು ನಿಲ್ಲಿಸಿಕೊಂಡೆ, ಅವಳ ವ್ಯಾನ್ ತಪ್ಪಿತು. ಅರ್ಧ ದಿನದ ಸಂಬಳ ಹೋಯಿತು ಅಂದಳು. ಅದು ನನ್ನದೇ ತಪ್ಪು, ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ರಿಪೇರಿ ಸೇವೆಗೆ ನಾನು ಒಳ್ಳೆಯ ಮಾತು ಹೇಳಲಾರೆ. ಎರಡನೇ ಪೆಟ್ಟಿಗೆ ಕೆಟ್ಟಾಗ ಬದಲಿಸಿ ಕೊಡಲು ಹತ್ತೊಂಬತ್ತು ದಿನ ಆಯಿತು. ಆ ತಿಂಗಳೂ 125 ರೂಪಾಯಿ ಖಾತೆಯಿಂದ ತಾನಾಗಿ ಕಡಿತ ಆಯಿತು. ನಾಲ್ಕು ಸಲ ಫೋನ್ ಮಾಡಿದೆ, ಪ್ರತಿ ಸಲ ದೂರಿನ ನಂಬರ್ ಹೊಸದು. ದುಡ್ಡು ವಾಪಸ್ ಬರಲಿಲ್ಲ. ಕಂಪನಿ ಹೆಸರು ಬೇಡ. ಪಕ್ಕದ ಬೇಕರಿಯವರದು ಬೇರೆ ಕಂಪನಿ, ಅವರ ಕಥೆಯೂ ಇದೇ. ಪೆಟ್ಟಿಗೆ ಮಾತಾಡದ ದಿನಕ್ಕೆ ಬಾಡಿಗೆ ಹಿಡಿಯುವುದು ಅನ್ಯಾಯ.

ಈ ಬಾಡಿಗೆ ಯಾಕೆ ಅಂತಲೂ ತಿಳಿದುಕೊಂಡೆ. ಯುಪಿಐ ಶುರುವಾಗಿದ್ದು 2016ರಲ್ಲಿ. ಬ್ಯಾಂಕ್ ಖಾತೆಯಿಂದ ಯುಪಿಐನಲ್ಲಿ ದುಡ್ಡು ತಗೊಂಡರೆ ಅಂಗಡಿಯವರಿಂದ ಕಮಿಷನ್ ಹಿಡಿಯಬಾರದು ಅಂತ 2020ರ ಜನವರಿಯಿಂದ ನಿಯಮ ಇದೆ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ 2,000 ಕೋಟಿ ವ್ಯವಹಾರ ಆಗಿದೆ. ಅಷ್ಟನ್ನು ನಡೆಸುವ ಖರ್ಚು ಎಲ್ಲಿಂದಾದರೂ ಬರಬೇಕು. ಸಣ್ಣ ಅಂಗಡಿಗಳ ವ್ಯವಹಾರಕ್ಕೆ ಅಂತ ಕೇಂದ್ರ ಸರ್ಕಾರ 2024-25ಕ್ಕೆ ಸುಮಾರು 1,500 ಕೋಟಿ ರೂಪಾಯಿ ಪ್ರೋತ್ಸಾಹಧನ ಕೊಟ್ಟಿತು. ಉಳಿದದ್ದನ್ನು ಕಂಪನಿಗಳು ಪೆಟ್ಟಿಗೆ ಬಾಡಿಗೆಯಲ್ಲಿ, ಸಾಲದಲ್ಲಿ ನೋಡಿಕೊಳ್ಳುತ್ತವೆ. ಯುಪಿಐಗೂ ಶುಲ್ಕ ಹಾಕಬೇಕು ಅಂತ ಆಗಾಗ ಚರ್ಚೆ ಏಳುತ್ತದಲ್ಲ, ಅದಕ್ಕೆ ನಾನು ಪೂರ್ತಿ ವಿರುದ್ಧ. ಒಂದು ಪ್ಯಾಕೆಟ್ ಹಾಲಿನಲ್ಲಿ ನಮಗೆ ಸಿಗುವುದೇ ಒಂದು ರೂಪಾಯಿ ಆಸುಪಾಸು. ಅದರಲ್ಲಿ ಪಾಲು ಕೇಳಿದರೆ ಹಾಲು ಮಾರುವವರು ಯಾರೂ ಉಳಿಯುವುದಿಲ್ಲ. ಬಾಡಿಗೆಯಾದರೆ ಎಷ್ಟು ಅಂತ ಮೊದಲೇ ಗೊತ್ತಿರುತ್ತದೆ. ನನಗೆ ಅದೇ ವಾಸಿ.

ಈಗ ಸಾಲದ ವಿಷಯ. ಪೆಟ್ಟಿಗೆ ಇಟ್ಟು ಆರು ತಿಂಗಳಿಗೆ ಆಪ್‌ನಲ್ಲಿ "ನಿಮಗೆ 50,000 ಸಾಲ ಸಿದ್ಧ" ಅಂತ ಬಂತು. ಕಾಗದ ಬೇಡ, ಜಾಮೀನು ಬೇಡ. ಒಂದು ವರ್ಷ ದಿನಾ 158 ರೂಪಾಯಿ ಕಡಿತ. ಕೇಳಲು ಹಗುರ. ಕ್ಯಾಲ್ಕುಲೇಟರ್ ಹಿಡಿದು ಕೂತೆ. 158ನ್ನು 365ರಿಂದ ಗುಣಿಸಿದರೆ 57,670. ಐವತ್ತು ಸಾವಿರಕ್ಕೆ ಏಳು ಸಾವಿರದ ಆರುನೂರು ಬಡ್ಡಿ ಅಂದರೆ ನೂರಕ್ಕೆ ಹದಿನೈದು ಅನ್ನಿಸುತ್ತದೆ. ಆದರೆ ಅಸಲು ಮೊದಲನೇ ದಿನದಿಂದಲೇ ಕರಗುತ್ತಾ ಬರುತ್ತದೆ. ವರ್ಷ ಪೂರ್ತಿ ನಮ್ಮ ಕೈಯಲ್ಲಿ ಇರುವುದು ಸರಾಸರಿ ಅರ್ಧ ದುಡ್ಡು. ಹಾಗಾಗಿ ನಿಜವಾದ ಬಡ್ಡಿ ಹೆಚ್ಚುಕಡಿಮೆ ಎರಡು ಪಟ್ಟು. ಸಂಘದಲ್ಲಿ ಇದಕ್ಕಿಂತ ಕಡಿಮೆಗೆ ಸಿಗುತ್ತದೆ, ಒಂದು ವಾರ ಕಟ್ಟಲು ಆಗದಿದ್ದರೆ ಹೇಳಿಕೊಳ್ಳಲು ಒಬ್ಬರು ಇರುತ್ತಾರೆ. ನಾನು ತಗೊಳ್ಳಲಿಲ್ಲ. ಎದುರು ಬೀದಿಯ ಜ್ಯೂಸ್ ಅಂಗಡಿಯವರು ತಗೊಂಡರು. ಮಳೆಗಾಲದಲ್ಲಿ ವ್ಯಾಪಾರ ಬಿದ್ದರೂ ಕಡಿತ ನಿಲ್ಲಲಿಲ್ಲ. ಹಣ್ಣು ತರಲು ಕೈಸಾಲ ಮಾಡಿದರು.

ಇನ್ನು 2025ರ ಜುಲೈ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತಲ್ಲ, ಆಗ ನಮ್ಮ ಬೀದಿಯಲ್ಲಿ ಕ್ಯೂಆರ್ ಸ್ಟಿಕರ್ ಕಿತ್ತು "ಕ್ಯಾಶ್ ಮಾತ್ರ" ಅಂತ ರಟ್ಟಿನ ಬೋರ್ಡ್ ಹಾಕಿದರು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ ನೋಟಿಸ್ ಬಂದ ಸುದ್ದಿ ಕೇಳಿ ಯಾರಿಗೆ ತಾನೇ ಹೆದರಿಕೆ ಆಗುವುದಿಲ್ಲ? ತರಕಾರಿಗೆ ತೆರಿಗೆಯೇ ಇಲ್ಲ. ಜುಲೈ 23ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ನೋಂದಣಿ ಮಾಡಿಸಿ ಅಂದರು. ನನ್ನ ಗಂಡನೂ ಪೆಟ್ಟಿಗೆ ವಾಪಸ್ ಕೊಡೋಣ ಅಂದರು. ನಾನು ಒಪ್ಪಲಿಲ್ಲ. ಎರಡು ದಿನ ಪೆಟ್ಟಿಗೆ ಆಫ್ ಮಾಡಿ ನೋಡಿದೆವು. ಬೆಳಗಿನ ವ್ಯಾಪಾರ ಅರ್ಧಕ್ಕೆ ಬಿತ್ತು. ಆ ಹೆಣ್ಣುಮಕ್ಕಳ ಕೈಯಲ್ಲಿ ಚಿಲ್ಲರೆ ಇಲ್ಲ, ನಮ್ಮಲ್ಲೂ ಇಲ್ಲ.

ಆಮೇಲೆ ಲೆಕ್ಕ ಬರೆಯುವವರ ಹತ್ತಿರ ಹೋದೆ. ಅವರು ಹೇಳಿದ್ದು ಎಲ್ಲ ಅಂಗಡಿಯವರಿಗೂ ಗೊತ್ತಿರಬೇಕು. ಸರಕು ಮಾರುವವರಿಗೆ ವರ್ಷದ ವ್ಯಾಪಾರ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಸೇವೆಗೆ 20 ಲಕ್ಷ. ಬರೀ ಹಾಲು, ತರಕಾರಿ ಮಾರುವವರಿಗೆ ಬೇಡ. ಆದರೆ ಹಾಲಿನ ಜೊತೆ ಬಿಸ್ಕತ್ತು, ಸೋಪು ಮಾರಿದರೆ ಆ 40 ಲಕ್ಷದ ಲೆಕ್ಕಕ್ಕೆ ಹಾಲಿನ ದುಡ್ಡೂ ಸೇರುತ್ತದೆ. ಯುಪಿಐ ಮಾತ್ರ ಅಲ್ಲ, ಕ್ಯಾಶೂ ಸೇರುತ್ತದೆ. ಸ್ಟಿಕರ್ ಕಿತ್ತರೆ ಲೆಕ್ಕ ಬದಲಾಗುವುದಿಲ್ಲ.

ನಮ್ಮದು ದಿನಕ್ಕೆ ಸುಮಾರು 12,000, ವರ್ಷಕ್ಕೆ 43 ಲಕ್ಷ. ಸಣ್ಣ ವ್ಯಾಪಾರಿಗಳು ಮಾರಾಟದ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಕಾಂಪೋಸಿಷನ್ ಸ್ಕೀಮ್‌ನಲ್ಲಿ ನೋಂದಣಿ ಮಾಡಿಸಿದೆವು. ತೆರಿಗೆ ಬೀಳುವ ಸಾಮಾನಿನ ಮಾರಾಟಕ್ಕೆ ನೂರಕ್ಕೆ ಒಂದು ರೂಪಾಯಿ. ಹಾಲು, ಬ್ರೆಡ್ಡು, ತರಕಾರಿ ಕಳೆದರೆ ತೆರಿಗೆ ಲೆಕ್ಕಕ್ಕೆ ಉಳಿಯುವುದು 25 ಲಕ್ಷ, ಅಂದರೆ ವರ್ಷಕ್ಕೆ 25,000 ತೆರಿಗೆ. ಮೂರು ತಿಂಗಳಿಗೊಮ್ಮೆ ಕಟ್ಟುತ್ತೇವೆ. ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ, ನಮ್ಮ ಲಾಭದಿಂದಲೇ ಹೋಗಬೇಕು. ಕಷ್ಟವೇ. ಆದರೆ ರಾತ್ರಿ ನಿದ್ದೆ ಬರುತ್ತದೆ.

ಇದರಲ್ಲಿ ನಾನು ಮಾಡಿದ್ದ ದೊಡ್ಡ ತಪ್ಪು ಒಂದಿತ್ತು. ಚೀಟಿ ದುಡ್ಡು, ಮಗಳ ಫೀಸಿಗೆ ನಮ್ಮಣ್ಣ ಹಾಕಿದ್ದು, ಎಲ್ಲವೂ ಅಂಗಡಿಯ ಕ್ಯೂಆರ್‌ಗೇ ಬರುತ್ತಿತ್ತು. ಅದೂ ವ್ಯಾಪಾರದ ಹಾಗೇ ಕಾಣುತ್ತದೆ. ಬಿಡಿಸಿ ಬರೆಯಲು ಮೂರು ರಾತ್ರಿ ಹಿಡಿಯಿತು. ಪೆಟ್ಟಿಗೆ ತಗೊಳ್ಳುವ ದಿನವೇ ಅಂಗಡಿಗೆ ಬೇರೆ ಖಾತೆ ತೆಗೆಯಿರಿ. ಕಂಪನಿಯ ಆಪ್‌ನಲ್ಲಿ ಸಾಲದ ಜಾಹೀರಾತು ಮೊದಲ ಪುಟದಲ್ಲೇ ಇದೆ, ತಿಂಗಳ ಒಟ್ಟು ಮೊತ್ತ ನೋಡಲು ಮಾತ್ರ ನಾಲ್ಕು ಕಡೆ ಒತ್ತಬೇಕು. ಅದನ್ನು ಅವರು ಸರಿಪಡಿಸಲೇಬೇಕು.

ಪೆಟ್ಟಿಗೆ ಇಡುವ ಜಾಗದ ಬಗ್ಗೆ ಒಂದು ಮಾತು. ಗಲ್ಲಾಪೆಟ್ಟಿಗೆ ಹಿಂದೆ, ಕಬ್ಬಿಣದ ಶಟರ್ ಪಕ್ಕ ಇಟ್ಟಾಗ ನಮ್ಮದಕ್ಕೆ ಸಿಗ್ನಲ್ ಸಿಗುತ್ತಿರಲಿಲ್ಲ. ಈಗ ಮೊಟ್ಟೆ ಟ್ರೇ ಮೇಲಿನ ಹಲಗೆಯಲ್ಲಿ, ರಸ್ತೆ ಕಡೆ ಮುಖ ಮಾಡಿ ಇಟ್ಟಿದ್ದೇನೆ. ಗಿರಾಕಿಗೂ ಕೇಳಿಸುತ್ತದೆ. ಮೊತ್ತ ಹೇಳಿದ ತಕ್ಷಣ ಅವರೇ "ಬಂತು ಅಕ್ಕಾ" ಅಂತ ಹಾಲು ತಗೊಂಡು ವ್ಯಾನ್ ಕಡೆ ಓಡುತ್ತಾರೆ.