ಮಡಿಕೇರಿ ಚಳಿಯಲ್ಲಿ ಕಾಂಡ್ಲಾ ಗಿಡ: ಮೂರು ವರ್ಷ ಸಾಕಿದ ಮೇಲೆ

ಮನೆಯ ಉಪ್ಪುನೀರಿನ ಮೀನಿನ ಟ್ಯಾಂಕಿಗೆ ಅಂತ 900 ರೂಪಾಯಿ ಕೊಟ್ಟು ಆರು ಕಾಂಡ್ಲಾ (ಮ್ಯಾಂಗ್ರೋವ್, ಅಳಿವೆಯ ಉಪ್ಪುನೀರಲ್ಲಿ ಬೆಳೆಯುವ ಗಿಡ) ಮೊಳಕೆ ತರಿಸಿದ್ದೆ. ಮೂರು ವರ್ಷ ಆಯ್ತು, ನಾಲ್ಕು ಉಳಿದಿವೆ. ಮಾರುವವರು 'ನೈಟ್ರೇಟ್ ಹೀರುವ ನೈಸರ್ಗಿಕ ಫಿಲ್ಟರ್' ಅಂತ ಬರೆದಿದ್ದರು, ಅಂದರೆ ಮೀನಿನ ಕಸದಿಂದ ನೀರಲ್ಲಿ ಸೇರುವ ನೈಟ್ರೇಟನ್ನು ಗಿಡವೇ ತೆಗೆಯುತ್ತೆ ಅಂತ. ಅದನ್ನು ನಂಬಿ ಕೊಳ್ಳೋದಾದರೆ ಬೇಡ, ದುಡ್ಡು ಉಳಿಸಿಕೊಳ್ಳಿ. ಗಿಡದ ಮೇಲೇ ಆಸೆ ಇದ್ದರೆ ಮಾತ್ರ ಮುಂದೆ ಓದಿ.

ಪಾರ್ಸೆಲ್ ಬಿಚ್ಚಿದರೆ ಒದ್ದೆ ಪೇಪರಿನಲ್ಲಿ ಸುತ್ತಿದ, ಮೊಳದುದ್ದದ ಹಸಿರು ಕೋಲುಗಳು. ಅಮ್ಮ ಒಂದನ್ನು ಹಿಚುಕಿ ನೋಡಿ, "ಯಾವನೋ ನಿಂಗೆ ಈ ನುಗ್ಗೆಕಾಯಿ ಕೊಟ್ಟಿದ್ದು, ಪೂರ್ತಿ ಬಲಿತು ಹೋಗಿದೆ" ಅಂದರು. ಅವರ ತಪ್ಪಿಲ್ಲ, ನೋಡೋಕೆ ಥೇಟ್ ಹಾಗೇ ಇರುತ್ತೆ. ಇದು ರೈಜೋಫೊರಾ ಜಾತಿ. ಬೀಜ ಮರದಲ್ಲಿ ಇರುವಾಗಲೇ ಮೊಳೆತು, ಇಷ್ಟುದ್ದ ಬೆಳೆದು, ಆಮೇಲೆ ಕೆಳಗೆ ಬೀಳುತ್ತೆ. ಹೊನ್ನಾವರದಲ್ಲಿ ಶರಾವತಿ ಅಳಿವೆ ಹತ್ತಿರ ಕಾಂಡ್ಲಾ ಮಧ್ಯೆ ನಡೆದು ಹೋಗೋಕೆ ಮರದ ಹಾದಿ ಮಾಡಿದ್ದಾರಲ್ಲ, ನನಗೆ ಹುಚ್ಚು ಹಿಡಿದದ್ದು ಅಲ್ಲೇ. ಹಾಗಂತ ಅಲ್ಲಿಂದ ಕಿತ್ತು ತರಬೇಡಿ ಮತ್ತೆ. ನರ್ಸರಿಯಲ್ಲಿ ಬೆಳೆಸಿದ್ದನ್ನೇ ಕೊಳ್ಳಿ.

ನನ್ನದು ಮೂರಡಿ ಟ್ಯಾಂಕ್, ಸುಮಾರು 190 ಲೀಟರ್, ಎರಡು ಕ್ಲೌನ್ ಮೀನು. ಉಪ್ಪು ಲೀಟರಿಗೆ 35 ಗ್ರಾಂ ಲೆಕ್ಕ. ಥರ್ಮೋಕೋಲ್ ತುಂಡಿಗೆ ತೂತು ಮಾಡಿ ಕೋಲುಗಳನ್ನು ಸಿಕ್ಕಿಸಿದೆ. ಕೆಳಗಿನ ನಾಲ್ಕು ಬೆರಳಷ್ಟು ಮಾತ್ರ ನೀರಿನಲ್ಲಿ, ಮೇಲಿನ ಮೊಗ್ಗು ಒಣಗೇ ಇರಬೇಕು. ಮರಳಿನಲ್ಲಿ ಊರಲೇಬೇಕು ಅಂತಿಲ್ಲ. ಆಮೇಲೆ ಕಾಯೋದು. ಕಾಫಿ ನರ್ಸರಿ ಮಾಡಿದವರಿಗೆ ಮೊಳಕೆ ತಲೆಮೇಲಿನ ಬೀಜದ ಟೋಪಿ ಬಿದ್ದು ಎಲೆ ಬಿಡಿಸೋವರೆಗೂ ಕಾದು ಅಭ್ಯಾಸ ಇರುತ್ತೆ, ಆದರೆ ಇದು ಅದಕ್ಕಿಂತ ಸೋಮಾರಿ ಗಿಡ. ನನಗೆ ತಾಳ್ಮೆ ಇಲ್ಲದೆ ಒಂದನ್ನು ದಿನಾ ಎತ್ತಿ ಎತ್ತಿ ಬೇರು ಬಂತಾ ನೋಡ್ತಿದ್ದೆ. ಅದು ಕೊಳೆತು ಹೋಯ್ತು. ಉಳಿದವು ಎರಡು ತಿಂಗಳಿಗೆ ಬೇರು ಬಿಟ್ಟು, ಮೂರನೇ ತಿಂಗಳಿಗೆ ಮೊದಲ ಜೋಡಿ ಎಲೆ ಬಿಚ್ಚಿದವು.

ನೈಟ್ರೇಟ್ ವಿಷಯಕ್ಕೆ ಬರೋಣ. ಗಿಡ ಇಟ್ಟಾಗ ನನ್ನ ಟೆಸ್ಟ್ ಕಿಟ್‌ನಲ್ಲಿ 30 ತೋರಿಸ್ತಿತ್ತು, ಒಂದು ವರ್ಷ ಕಳೆದ ಮೇಲೂ ಅದೇ 30. ಯೋಚನೆ ಮಾಡಿದರೆ ಸರಳ. ಗಿಡ ಎಷ್ಟು ಬೆಳೆಯುತ್ತೋ ಅಷ್ಟೇ ಹೀರುತ್ತೆ, ಇದು ವರ್ಷಕ್ಕೆ ಬೆರಳೆಣಿಕೆ ಎಲೆ ಬಿಡುತ್ತೆ. ಉದುರಿದ ಎಲೆ ತೆಗೆಯದೆ ಬಿಟ್ಟರೆ ಅದೂ ಅಲ್ಲೇ ಕೊಳೆತು ಹೀರಿದ್ದನ್ನೆಲ್ಲ ವಾಪಸ್ ನೀರಿಗೇ ಕೊಡುತ್ತೆ. ಕೊನೆಗೆ ಕೀಟೋ ಅನ್ನೋ, ಬೇಗ ಬೆಳೆಯುವ ಸಮುದ್ರದ ಪಾಚಿ ಒಂದು ಹಿಡಿ ಹಾಕಿದೆ. ಎರಡು ತಿಂಗಳಲ್ಲಿ 10ಕ್ಕಿಂತ ಕೆಳಗೆ ಬಂತು. ಕೆಲಸ ಪಾಚಿದು, ಹೆಸರು ಮಾತ್ರ ಕಾಂಡ್ಲಾದು!

ಇನ್ನೊಂದು ತಪ್ಪು ಪೂರ್ತಿ ನನ್ನದೇ. ನೀರು ಆವಿಯಾಗಿ ಇಳಿದಾಗೆಲ್ಲ ಉಪ್ಪುನೀರನ್ನೇ ತುಂಬಿಸ್ತಿದ್ದೆ. ಆವಿಯಾಗೋದು ನೀರು ಮಾತ್ರ, ಉಪ್ಪು ಎಲ್ಲಿ ಹೋಗುತ್ತೆ? ಒಂದಿನ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಇಟ್ಟು ನೋಡಿದರೆ ಲೀಟರಿಗೆ 40 ಗ್ರಾಂ ದಾಟಿತ್ತು, ಒಂದು ಗಿಡದ ಎಲೆಯೆಲ್ಲ ಹಳದಿ. ಅದು ಆಮೇಲೆ ಉಳಿಯಲಿಲ್ಲ. ಈಗ ಆರ್‌ಓ ನೀರು ಮಾತ್ರ ಹಾಕ್ತೀನಿ. "ಇಷ್ಟು ಮಳೆ ಬೀಳುವ ಊರಲ್ಲಿ ನೀರಿಗೆ ದುಡ್ಡು ಸುರೀತೀಯಲ್ಲ" ಅಂತ ಮಾವನ ವರಾತ. ನಮ್ಮದು ತಗಡಿನ ಮಾಡು ಮಾವ, ಅದರ ಸತು ನೀರಿಗೆ ಇಳಿದರೆ ಸಿಗಡಿ ಏನೂ ಬದುಕಲ್ಲ ಅಂದರೂ ಕೇಳಲ್ಲ.

ಇಲ್ಲಿಯವರಿಗೆ ನಿಜವಾದ ಕಷ್ಟ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ಬೆಳಕನ್ನು ನಂಬೋ ಹಾಗೇ ಇಲ್ಲ. ನಾನು ಗಿಡದ ಮೇಲೆ ಒಂದು ಅಡಿ ಎತ್ತರಕ್ಕೆ 30 ವ್ಯಾಟ್ ಎಲ್‌ಇಡಿ ಕಟ್ಟಿ ದಿನಕ್ಕೆ ಹತ್ತು ಗಂಟೆ ಉರಿಸ್ತೀನಿ. ಚಳಿಗಾಲಕ್ಕೆ ಹೀಟರ್ ಬೇಕೇ ಬೇಕು, 25 ಡಿಗ್ರಿಗೆ ಇಟ್ಟಿದ್ದೀನಿ. ಹೋದ ಆಗಸ್ಟ್‌ನಲ್ಲಿ ಮರ ಬಿದ್ದು ಎರಡೂವರೆ ದಿನ ಕರೆಂಟ್ ಇರಲಿಲ್ಲ. ನೀರು 19ಕ್ಕೆ ಇಳಿಯಿತು. ಇನ್ವರ್ಟರ್ ಮೊದಲ ರಾತ್ರಿಗೇ ಕೈಕೊಟ್ಟಿತು. ಮೀನಿಗೆ ಬ್ಯಾಟರಿ ಏರ್ ಪಂಪ್ ಹಿಡಿದು ನಾನು ಒದ್ದಾಡ್ತಿದ್ದರೆ ಕಾಂಡ್ಲಾ ಸುಮ್ನೆ ನಿಂತಿತ್ತು. ಉಸಿರಾಟಕ್ಕೆ ಅದರ ಮೈಮೇಲೆ ಸಣ್ಣ ಸಣ್ಣ ತೂತು ಇರುತ್ತವೆ, ಅವು ನೀರಿನ ಮೇಲಿದ್ದರೆ ಸಾಕು. ಮೂರು ಎಲೆ ಉದುರಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಎಲೆ ಮೇಲೆ ಬಿಳಿ ಪುಡಿ ಕಂಡರೆ ಗಿಡ ಉಪ್ಪು ಕಾರ್ತಿದೆ ಅಂದುಕೊಳ್ಳಬೇಡಿ. ಎಲೆಯಿಂದ ಉಪ್ಪು ಹೊರಹಾಕೋದು ಅವಿಸೆನಿಯಾ ಜಾತಿ, ನಮ್ಮ ರೈಜೋಫೊರಾ ಬಹುಪಾಲು ಉಪ್ಪನ್ನು ಬೇರಲ್ಲೇ ತಡೆಯುತ್ತೆ. ಆ ಪುಡಿ ಗುಳ್ಳೆ ಒಡೆದು ಸಿಡಿದ ನೀರಿನದು. ವಾರಕ್ಕೆರಡು ಸಲ ಸಿಹಿನೀರು ಸ್ಪ್ರೇ ಮಾಡಿ ಒರೆಸಿದರೆ ಆಯ್ತು. ಈ ಕೆಲಸವನ್ನು ಈಗ ಅಮ್ಮನೇ ವಹಿಸಿಕೊಂಡಿದ್ದಾರೆ, ನಾನು ಮುಟ್ಟಿದರೆ ಬೈಯ್ತಾರೆ.

ಫಿಲ್ಟರ್ ಅಂತ ಆದರೆ ಐದಕ್ಕೆ ಒಂದು. ಗಿಡ ಅಂತ ಆದರೆ ನಾಲ್ಕು. ನಾಲ್ಕರಲ್ಲಿ ದೊಡ್ಡದು ಎರಡಡಿ ದಾಟಿದೆ, ಹೋದ ತಿಂಗಳು ಕಾಂಡದ ಪಕ್ಕದಿಂದ ಊರುಗೋಲಿನ ಹಾಗೆ ಮೊದಲ ಬೇರು ಇಳಿಬಿಟ್ಟಿದೆ. ನೀರಿಗೆ ಇನ್ನೂ ಎರಡು ಇಂಚು ದೂರ.